ಇಡಿಯಾಗಿ ಹೊರಬಂದ ನಾಲ್ಕು

"ಇದ್ಯಾವ ಲೆಕ್ಕ ರೀ?"

ಬೋರ್ಡು ನೋಡಿ ಸೂರ್ಯಪ್ರಕಾಶ್ ಮೇಷ್ಟ್ರು ನಕ್ಕುಬಿಟ್ಟರು. ಹಿಂದೆ ಕೂತಿದ್ದ ಹತ್ತನೇ ಕ್ಲಾಸಿನ ಹುಡುಗಿಯರೂ ಕಿಸಕ್ಕೆಂದರು. ಸೀಮೆಸುಣ್ಣ ಹಿಡಿದಿದ್ದ ಪವಿತ್ರಾ ತಾನು ಬರೆದದ್ದನ್ನೇ ಮತ್ತೊಮ್ಮೆ ನೋಡಿದಳು.

ಹೊನ್ನವಳ್ಳಿಯ ಆ ಟ್ಯೂಷನ್ ಕೋಣೆಯಲ್ಲಿ ಅವಳಿಗೆ ಅವತ್ತೇ ಮೊದಲ ದಿನ. ವಯಸ್ಸು ಮೂವತ್ತರ ಹತ್ತಿರ. ಹತ್ತನೇ ಕ್ಲಾಸಿನಲ್ಲಿ ಗಣಿತವೊಂದು ಉಳಿದುಹೋಗಿತ್ತು, ಈಗ ಬರೆದು ಮುಗಿಸೋಣವೆಂದು ಬಂದಿದ್ದಳು.

ಬೋರ್ಡಿನ ಮೇಲೆ √12 + √27 ಇತ್ತು. ನಾಲ್ಕು ಮೂರಲ ಹನ್ನೆರಡು, ಒಂಬತ್ತು ಮೂರಲ ಇಪ್ಪತ್ತೇಳು ಎಂದು ಸರಿಯಾಗಿಯೇ ಬಿಡಿಸಿದ್ದಳು. ಆಮೇಲೆ ನಾಲ್ಕನ್ನೂ ಒಂಬತ್ತನ್ನೂ ಹಾಗೆಯೇ ಹೊರಗೆ ತಂದು, ಕೂಡಿ, 13√3 ಎಂದು ಬರೆದಿದ್ದಳು.

"ನಾಲ್ಕು ಹೊರಗೆ ಬಂದ್ಮೇಲೂ ನಾಲ್ಕಾಗೇ ಇರುತ್ತಾ?"

"ಇನ್ನೇನ್ ಸಾರ್... ನಾವು ಕೊಬ್ಬರಿ ಬಿಡಿಸೋರು. ಚಿಪ್ಪಿಂದ ಈಚೆಗೆ ಇಡಿಯಾಗೇ ಬರ್ಬೇಕು. ಚೂರಾದ್ರೆ ಕೇಳೋರಿಲ್ಲ."

ಮೇಷ್ಟ್ರಿಗೆ ಮತ್ತೆ ನಗು ಬಂತು. ಪವಿತ್ರಾ ಸೀಮೆಸುಣ್ಣ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದಳು.

'ಈ ವಯಸ್ಸಲ್ಲಿ ನನಗಿದು ಬೇಕಿತ್ತಾ...'

ಮಾರನೇ ದಿನ ಅವಳು ಕೊಬ್ಬರಿ ಶೆಡ್ಡಿನಲ್ಲಿ ಮಚ್ಚು ಹಿಡಿದು ಕೂತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಮೇಷ್ಟ್ರು! ನಗೆಗೀಡಾದವಳಿಗಿಂತ ನಕ್ಕವರ ಮುಖವೇ ಹೆಚ್ಚು ಬಾಡಿತ್ತು.

"ನಿಮ್ಮನ್ನ ಆಡ್ಕೊಂಡು ನಗ್ಲಿಲ್ಲ ಕಣ್ರೀ. ಈ ತಪ್ಪನ್ನ ಎಷ್ಟೋ ಮಕ್ಕಳು ಮಾಡ್ತಾರೆ. ಯಾಕೆ ಅಂತ ಕಾರಣ ಕೊಟ್ಟೋರು ನೀವೊಬ್ರೇ. ಖುಷಿಗೆ ನಗು ಬಂತು."

ಅವಳು ಮಚ್ಚು ಪಕ್ಕಕ್ಕಿಟ್ಟಳು. ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ಚಿಪ್ಪಿನ ಮೂರು ಹೋಳುಗಳನ್ನು ಸಾಲಾಗಿಟ್ಟರು.

"ಹನ್ನೆರಡರೊಳಗೆ ಇರೋದು ಎರಡು, ಇನ್ನೊಂದು ಎರಡು, ಒಂದು ಮೂರು. ಎರಡಕ್ಕೆ ಜೋಡಿ ಸಿಕ್ಕಿದೆ. ಆ ಜೋಡಿಯ ಪರವಾಗಿ ಒಂದೇ ಒಂದು 'ಎರಡು' ಈಚೆಗೆ ಬರುತ್ತೆ. ಮೂರಕ್ಕೆ ಜೊತೆ ಇಲ್ಲ, ಅದು ಒಳಗೇ ಉಳ್ಕೊಳ್ಳುತ್ತೆ."

"ಪಾಪ," ಎಂದಳು ಪವಿತ್ರಾ.

ಮೇಷ್ಟ್ರು ತಲೆಯೆತ್ತಿ ಅವಳನ್ನು ನೋಡಿದರು. ನೋಡಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದರೆನ್ನಿ.

"ಹಾಗಾದ್ರೆ ಹನ್ನೆರಡಕ್ಕೆ 2√3, ಇಪ್ಪತ್ತೇಳಕ್ಕೆ 3√3... ಎರಡರ ಒಳಗೂ ಮೂರೇ ಇದೆ. ಅದಕ್ಕೇ ಕೂಡಬಹುದು. 5√3. ಅಲ್ವಾ ಸಾರ್?"

"ಅಷ್ಟೇ ಕಣ್ರೀ. ಸಂಜೆ ಬನ್ನಿ."

ಅವಳು ಹೋದಳು. ದಿನಾ ಹೋದಳು.

ಅವಳ ಮನೆಯ ಕಥೆ ಹೇಳಬೇಕೆಂದರೆ ಹೇಳುವುದಕ್ಕೇನೂ ಇಲ್ಲ, ಅದೇ ಅದರ ದುಃಖ. ತಾಯಿ ಹೋದಮೇಲೆ ಆ ಮನೆಯಲ್ಲಿ ಮಾತೇ ಇರಲಿಲ್ಲ. ಶೆಡ್ಡಿನಲ್ಲಿ ದಿನವಿಡೀ ಮಚ್ಚಿನ ಸದ್ದು, ಮನೆಗೆ ಬಂದರೆ ಯಾವ ಸದ್ದೂ ಇಲ್ಲ. ಕೆಲವು ದಿನ ತನ್ನ ದನಿ ಕೇಳಲೆಂದೇ ಬೆಕ್ಕನ್ನು ಬೈಯುತ್ತಿದ್ದಳು. ಈಗ ಸಂಜೆ ಒಂದು ಗಂಟೆ ಯಾರೋ ಅವಳನ್ನು "ಪವಿತ್ರಾ, ಇಲ್ಲಿ ನೋಡಿ," ಎನ್ನುತ್ತಿದ್ದರು.

'ಪಾಸಾದ್ಮೇಲೆ ಯಾರು ಕರೀತಾರೆ?'

ಆ ಯೋಚನೆ ಬಂದ ದಿನದಿಂದ ಅವಳ ಲೆಕ್ಕ ಮತ್ತೆ ತಪ್ಪತೊಡಗಿತು. √8 ಕೊಟ್ಟರೆ 4√2. √45 ಕೊಟ್ಟರೆ 9√5. ಮೇಷ್ಟ್ರು ತಾಳ್ಮೆಯಿಂದ ಮೊದಲಿನಿಂದ ಹೇಳುತ್ತಿದ್ದರು. ಅವಳು ತಲೆಯಾಡಿಸಿ ಕೇಳುತ್ತಿದ್ದಳು, ಮತ್ತೆ ತಪ್ಪು ಬರೆಯುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ, ಮಕ್ಕಳೆಲ್ಲ ಹೊರಟಮೇಲೆ, ಮೇಷ್ಟ್ರು ಸೋತ ದನಿಯಲ್ಲಿ ಹೇಳಿದರು.

"ನಾಳೆಯಿಂದ ನೀವು ತಿಪಟೂರಿಗೆ ಹೋಗಿ. ಅಲ್ಲಿ ಮಂಗಳಾ ಮೇಡಂ ಚೆನ್ನಾಗಿ ಹೇಳ್ಕೊಡ್ತಾರೆ. ನಾನು ಮಾತಾಡಿದೀನಿ."

ಪವಿತ್ರಾ ಪುಸ್ತಕ ಮುಚ್ಚಿದಳು.

"ನಾನು ಬರೋದು ಬೇಜಾರಾಯ್ತಾ ಸಾರ್?"

"ಬೇಜಾರಲ್ಲ ಕಣ್ರೀ. ನನ್ನ ಪಾಠ ನಿಮಗೆ ಹತ್ತುತಾ ಇಲ್ಲ. ನನ್ನಿಂದ ನಿಮ್ಮ ವರ್ಷ ಹಾಳಾಗ್ಬಾರ್ದು."

ಇವರು ತಮ್ಮನ್ನೇ ದೂರಿಕೊಳ್ಳುತ್ತಿದ್ದಾರೆ... ಅವಳಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಬೋರ್ಡಿನ ಮೇಲಿದ್ದ ಲೆಕ್ಕಕ್ಕೆ ಕೈಹಚ್ಚಿದಳು.

√50 + √18 − √8
= 5√2 + 3√2 − 2√2
= 6√2

ಎಲ್ಲೂ ಕೈ ತಡವರಿಸಲಿಲ್ಲ.

ಮೇಷ್ಟ್ರು ಬೆರಗಾಗಿ ನಿಂತರು. "ಬರುತ್ತಾ ನಿಮಗೆ? ಮತ್ತೆ ಇಷ್ಟು ದಿನ?"

"ಬೇಕಂತ್ಲೇ ತಪ್ಪು ಬರೆದೆ." ಅವಳು ಗೋಡೆಯ ಕಡೆಗೇ ತಿರುಗಿದ್ದಳು. "ಬಂದ್ಬುಟ್ರೆ ಇಲ್ಲಿಗೆ ಬರೋ ಕೆಲ್ಸ ಮುಗೀತದಲ್ಲ. ಮನೇಲಿ ನನ್ನ ಹೆಸ್ರಿಡಿದು ಕರಿಯೋರಿಲ್ಲ ಸಾರ್. ನಿಮ್ಮನ್ನ ಬಿಟ್ಟು ಇರೋದು ನನಗೆ ಕಷ್ಟ ಆಯ್ತದೆ. ತಪ್ಪು ಅನ್ಸಿದ್ರೆ ಬೈದ್ಬುಡಿ."

ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಪವಿತ್ರಾ... ಇಲ್ಲಿ ನೋಡಿ."

ಅವಳು ನೋಡಿದಳು. ಮೇಷ್ಟ್ರ ಕಣ್ಣೂ ಒದ್ದೆಯಾಗಿತ್ತು.

"ಪರೀಕ್ಷೇಲಿ ಎಲ್ಲಾ ಸರಿಯಾಗಿ ಬರೀರಿ. ನೀವು ಪಾಸಾದ್ರೆ ನಾನು ನಿಮ್ಮ ಮೇಷ್ಟ್ರಾಗಿರಲ್ಲ. ಆಗ ನಿಮ್ಮನೆ ಬಾಗಿಲಿಗೆ ನಾನೇ ಬರ್ಬೋದು. ಎಷ್ಟು ದಿನದಿಂದ ಅದಕ್ಕೇ ಕಾಯ್ತಿದೀನಿ, ನೀವು ನೋಡಿದ್ರೆ ಫೇಲಾಗೋಕೆ ಹೊರಟಿದೀರಿ."

ಪವಿತ್ರಾ ಅಳುತ್ತಲೇ ನಕ್ಕಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದಳು.

"ಬಂದೋರು ಊಟಕ್ಕಿರ್ತೀರಾ?"

"ಇರ್ತೀನಿ."

"ಹಂಗಾದ್ರೆ ದೊಡ್ಡ ಪಾತ್ರೆ ತೊಳೆದಿಟ್ಟಿರ್ತೀನಿ. ಅವ್ವ ಹೋದ್ಮೇಲೆ ಅದರಲ್ಲಿ ಮುದ್ದೆ ತಿರುವೇ ಇಲ್ಲ."