ಅರವತ್ತನಾಲ್ಕು ಹಾಡಿನ ಮುದ್ದೆಮಾಲು

2024ರ ಆಗಸ್ಟ್ 12, ಸೋಮವಾರ ಬೆಳಿಗ್ಗೆ 10.20ಕ್ಕೆ ಪುಟ್ಟೇನಹಳ್ಳಿಯ ಬಿಲ್ಡರ್ ಅನಂತರಾಜು ಯಲಹಂಕದ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ಮಧ್ಯಾಹ್ನ ಅವರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತಿದ್ದ ಕಾರಿನಿಂದ ಹಾಡು ತುಂಬಿಡುವ ಹಾರ್ಡ್ ಡಿಸ್ಕ್ ಕಳವಾಗಿತ್ತು. ಡ್ಯಾಶ್‌ಬೋರ್ಡಿನ ಕಂಪ್ಯೂಟರ್, ಅದರ ಪರದೆ, ಪಕ್ಕದ ಬೆಳ್ಳಿ ಗಣಪ, ಯಾವುದನ್ನೂ ಕಳ್ಳರು ಮುಟ್ಟಿರಲಿಲ್ಲ. ಬಿಚ್ಚಿದ ನಾಲ್ಕು ಸ್ಕ್ರೂಗಳನ್ನು ಮತ್ತೆ ಬಿಗಿ ಮಾಡಿಯೇ ಹೋಗಿದ್ದರು.

ಇನ್‌ಸ್ಪೆಕ್ಟರ್ ಶಾಂತಲಾ ಎಫ್‌ಐಆರ್ ದಾಖಲಿಸಿ, ಡಿಸ್ಕಿನಲ್ಲಿ ಏನಿತ್ತು ಎಂದು ಕೇಳಿದರು. ಏನಿಲ್ಲ, ಹಳೇ ಹಾಡುಗಳು ಎಂದರು ಅನಂತರಾಜು. ಆದರೆ ಬೇರೆಯವರ ಕೈಗೆ ಹೋಗಬಾರದು ಎಂದು ಮೂರು ಸಲ ಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಏನೂ ಇಲ್ಲದ ಡಿಸ್ಕಿಗಾಗಿ ಬಿಲ್ಡರುಗಳು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ.

11.45ಕ್ಕೆ ಸ್ಥಳ ಪಂಚನಾಮೆ ನಡೆಯಿತು. ಹೆಡ್ ಕಾನ್‌ಸ್ಟೆಬಲ್ ಮುಜಫ್ಫರ್ ಸಿಸಿಟಿವಿ ನೋಡಲು ಕುಳಿತ. ಭಾನುವಾರ 2.38ಕ್ಕೆ ರೇನ್‌ಕೋಟು, ಹೆಲ್ಮೆಟ್ ಹಾಕಿದ್ದ ಒಬ್ಬರು ಕೀಲಿಯಿಂದಲೇ ಬಾಗಿಲು ತೆಗೆದರು. ಒಳಗೆ ಕೂರುವ ಮುಂಚೆ ಚಪ್ಪಲಿ ಬಿಟ್ಟು, ಚಕ್ರದ ಪಕ್ಕಕ್ಕೆ ಜೋಡಿಸಿಟ್ಟರು.

"ಕದಿಯೋಕೆ ಬಂದೋರು ಚಪ್ಪಲಿ ಬಿಡ್ತಾರಾ ಮೇಡಂ?" ಎಂದ ಮುಜಫ್ಫರ್.

ಅನಂತರಾಜು ಅವರ ತಾಯಿ ಸುಬ್ಬಮ್ಮ ಡ್ಯಾಶ್‌ಬೋರ್ಡಿನ ಮೇಲೆ ಗಣಪನನ್ನು ಕೂರಿಸಿದ ದಿನವೇ, ಮುಂದಿನ ಸೀಟಿನಲ್ಲಿ ಯಾರೂ ಚಪ್ಪಲಿ ಹಾಕಿ ಕೂರಬಾರದು ಎಂದು ಕಟ್ಟಪ್ಪಣೆ ಮಾಡಿದ್ದರಂತೆ. ಮಗ ಪಾಲಿಸಲಿಲ್ಲ, ಸೊಸೆ ಪಾಲಿಸಲಿಲ್ಲ. ಪಾಲಿಸಿದವರು ಇಬ್ಬರೇ. ಒಬ್ಬರು ಸುಬ್ಬಮ್ಮ, ಏಪ್ರಿಲ್‌ನಲ್ಲಿ ತೀರಿಕೊಂಡರು. ಇನ್ನೊಬ್ಬಳು ಆರು ವರ್ಷ ಆ ಕಾರು ಓಡಿಸಿದ, ಬಾದಾಮಿ ಕಡೆಯ ದಾನವ್ವ. ಗಂಟಲ ಆಪರೇಷನ್ ಆದ ಮೇಲೆ ಜೂನ್‌ನಲ್ಲಿ ಅವಳನ್ನು ಕೆಲಸದಿಂದ ಬಿಡಿಸಿದ್ದರು. ಅವಳ ಬಳಿ ಇದ್ದ ಇನ್ನೊಂದು ಕೀಲಿಯನ್ನು ವಾಪಸ್ ಕೇಳುವುದು ಯಾರಿಗೂ ನೆನಪಾಗಿರಲಿಲ್ಲ.

ಮಧ್ಯಾಹ್ನ 2.30ಕ್ಕೆ ಮಹಿಳಾ ಕಾನ್‌ಸ್ಟೆಬಲ್ ಜಬೀನ್ ಜೊತೆ ಶಾಂತಲಾ, ಮುಜಫ್ಫರ್ ದಾನವ್ವನ ಕೋಣೆಗೆ ಹೋದರು. ಐವತ್ತರ ಆಸುಪಾಸಿನ ಹೆಂಗಸು, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಕೇಳುವ ಮೊದಲೇ ಶೆಲ್ಫಿನಿಂದ ಕುಬುಸದ ಖಣದಲ್ಲಿ ಸುತ್ತಿಟ್ಟ ಡಿಸ್ಕನ್ನು ತೆಗೆದುಕೊಟ್ಟಳು. ಅವಳ ಗಂಟಲಿನಿಂದ ಬರೀ ಉಸಿರು ಬರುತ್ತಿತ್ತು. ಮಾತು ಕೇಳಿಸಿಕೊಳ್ಳಲು ಬಗ್ಗಬೇಕಾಯಿತು.

"ಯಾಕೆ ಕದ್ರಿ?"

"ಕದ್ದಿಲ್ರಿ. ನನ್ನ ದನಿ ನಾ ತಗೊಂಡು ಬಂದೀನಿ."

ಕಳ್ಳನಿಗೊಂದು ಪಿಳ್ಳೆ ನೆವ ಎಂದು ಮುಜಫ್ಫರ್ ಗೊಣಗಿದ. ದಾನವ್ವ ಪೂರ್ತಿ ಹೇಳಿದಳು. ವಾರಕ್ಕೆ ಮೂರು ದಿನ ಸುಬ್ಬಮ್ಮನನ್ನು ಡಯಾಲಿಸಿಸ್‌ಗೆಂದು ಹೆಬ್ಬಾಳದ ಕಡೆ ಕರೆದೊಯ್ಯುವಾಗ ದಾನವ್ವ ಹಾಡಬೇಕಿತ್ತು. ಕಾರಿನ ಕಂಪ್ಯೂಟರ್ ಅದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ವಾಪಸ್ ಬರುವಾಗ ಮುದುಕಿ ಅದನ್ನೇ ಮತ್ತೆ ಹಾಕಿಸಿಕೊಂಡು ಕೇಳುತ್ತಿದ್ದಳು. ಹೀಗೆ ಒಟ್ಟು ಅರವತ್ತನಾಲ್ಕು ಹಾಡು. ದಾನವ್ವನ ದನಿ ಈಗ ಉಳಿದಿದ್ದುದು ಅಲ್ಲಿ ಮಾತ್ರ. ಮಂಗಳವಾರ ಕಾರು ಎಕ್ಸ್‌ಚೇಂಜ್‌ಗೆ ಹೋಗಲಿತ್ತು, ಶೋರೂಮಿನವರು ಎಲ್ಲವನ್ನೂ ಅಳಿಸುತ್ತಿದ್ದರು. ಒಂದು ನಕಲು ಕೊಡಿ ಎಂದು ಅವಳು ಮೂರು ಸಲ ಕೇಳಿದ್ದಳು. ಕಾರು ನಂದು, ಅದರೊಳಗಿರೋದೂ ನಂದು ಎಂದಿದ್ದರು ಯಜಮಾನರು. ಡಿಸ್ಕನ್ನು ಮನೆಗೆ ತಂದರೂ ಪ್ರಯೋಜನವಾಗಲಿಲ್ಲ. ಆ ಕಾರಿನ ಕಂಪ್ಯೂಟರಿಗೆ ಬಿಟ್ಟು ಬೇರೆ ಯಾವುದಕ್ಕೂ ಅದು ತೆರೆದುಕೊಳ್ಳುತ್ತಿರಲಿಲ್ಲ.

4.15ಕ್ಕೆ ಠಾಣೆಯ ಅಂಗಳದಲ್ಲಿ, ಪಂಚಸಾಕ್ಷಿಗಳ ಎದುರು ಡಿಸ್ಕನ್ನು ಅನಂತರಾಜು ತಂದು ನಿಲ್ಲಿಸಿದ ಕಾರಿಗೆ ಜೋಡಿಸಿ ಗುರುತಿಗಾಗಿ ಹಾಕಿದರು. ಬೀಸುವ ಪದ ಒಂದು ಶುರುವಾಯಿತು. ತುಂಬಿದ ಗಂಟಲು, ಏರಿದರೆ ಇಳಿಯಲೊಲ್ಲದ ದನಿ. ಪಾಸ್‌ಪೋರ್ಟ್ ವಿಚಾರಣೆಗೆ ಬಂದವರೂ ಎದ್ದು ಹೊರಗೆ ಬಂದರು. ದಾನವ್ವ ತಲೆ ಎತ್ತಿ ನಿಂತಿದ್ದಳು, ಯಾರ ಮುಖವನ್ನೂ ನೋಡಲಿಲ್ಲ. ಹಾಡು ಮುಗಿಯುತ್ತಲೇ ಸುಬ್ಬಮ್ಮನ ದನಿ ಬಂತು.

"ಚೆನ್ನಾಗೇಳ್ದೆ ಕಣವ್ವ. ನಮ್ ಅನಂತ ನಂಗೊಂದ್ ಮಾತೂ ಏಳ್ದೆ ಕೆರೆ ಪಕ್ಕದ್ ಒಲಾನ ಮಾರ್ಬುಟ್ಟ. ಆಸ್ಪತ್ರೆ ಕಾಗ್ದ ಅಂತ ಎಬ್ಬೆಟ್ಟು ಒತ್ತುಸ್ಕಂಡ."

ಅನಂತರಾಜು ಓಡಿಹೋಗಿ ಆಫ್ ಮಾಡಿದರು. ಯಾಕೆ ಅಷ್ಟು ಹೆದರಿದ್ದರೆಂದು ಈಗ ಅಂಗಳಕ್ಕೆಲ್ಲ ತಿಳಿಯಿತು. ಕೇಸು ಬೇಡ, ದಾನವ್ವ ತಪ್ಪಾಯಿತು ಎಂದು ಒಂದು ಸಾಲು ಬರೆದುಕೊಟ್ಟರೆ ರಾಜಿ ಮಾಡಿಕೊಳ್ಳುತ್ತೇನೆ, ಡಿಸ್ಕ್ ಮಾತ್ರ ಕೊಟ್ಟುಬಿಡಿ ಎಂದರು.

ಶಾಂತಲಾ ದಾನವ್ವನಿಗೆ ಎರಡೂ ದಾರಿ ಹೇಳಿದರು. ರಾಜಿಯಾದರೆ ಕೋರ್ಟಿಗೆ ತಿಳಿಸಿ ಡಿಸ್ಕ್ ಮಾಲೀಕರಿಗೆ, ಅವಳು ಮನೆಗೆ. ಇಲ್ಲವಾದರೆ ದಸ್ತಗಿರಿ. ಡಿಸ್ಕ್ ಮುದ್ದೆಮಾಲಾಗಿ, ಅಂದರೆ ಕೇಸಿನ ಸಾಕ್ಷಿವಸ್ತುವಾಗಿ, ಸೀಲ್ ಆಗುತ್ತದೆ. ಕೋರ್ಟ್ ಹೇಳುವವರೆಗೆ ಯಾರೂ ಅಳಿಸುವಂತಿಲ್ಲ.

ದಾನವ್ವ ಹತ್ತಿರ ಬಂದಳು. "ಕೇಸ್ ಆದ್ರ, ಅದರಾಗ ಇದ್ದದ್ದರ ನಕಲು ನನಗೂ ಕೊಡ್ತಾರೇನ್ರಿ?"

ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಯಾವ ಆರೋಪಿಯೂ ಶಾಂತಲಾರನ್ನು ಈ ಪ್ರಶ್ನೆ ಕೇಳಿರಲಿಲ್ಲ. "ಕೊಡ್ಲೇಬೇಕು. ಸಾಕ್ಷಿಯ ನಕಲು ಆರೋಪಿ ಹಕ್ಕು. ಪುಕ್ಕಟೆ."

"ಹಂಗಾರ ತಪ್ಪಾತಂತ ನಾ ಬರಿಯಂಗಿಲ್ಲ. ಕೇಸ್ ಹಾಕ್ರಿ."

ಅನಂತರಾಜು ದೂರು ವಾಪಸ್ ಪಡೆಯುತ್ತೇನೆಂದು ಹಟ ಹಿಡಿದರು. ಅದನ್ನು ಕೋರ್ಟಿನಲ್ಲಿ ಕೇಳಿಕೊಳ್ಳಿ ಎಂದು ಶಾಂತಲಾ ಪಂಚನಾಮೆಯನ್ನು ಮುಂದಿಟ್ಟರು. 'ಹಾಡಿರುವ ದನಿ ಆರೋಪಿ ದಾನವ್ವನದು' ಎಂಬ ಸಾಲಿನ ಕೆಳಗೆ ಅನಂತರಾಜು ಸಹಿ ಹಾಕಲೇಬೇಕಾಯಿತು. 5.10ಕ್ಕೆ ದಸ್ತಗಿರಿ, 6 ಗಂಟೆಗೆ ಠಾಣಾ ಜಾಮೀನು. ದಾನವ್ವ ಎರಡು ಕಾಗದಕ್ಕೂ ನೆಟ್ಟಗೆ ಸಹಿ ಮಾಡಿದಳು.

ಕೃತ್ಯಕ್ಕೆ ಪ್ರೇರಣೆ ಎಂಬ ಕಡೆ ಶಾಂತಲಾ, 'ಆರೋಪಿ ತನ್ನ ದನಿ ಅಳಿದುಹೋಗಲು ಒಪ್ಪಲಿಲ್ಲ' ಎಂದು ಬರೆದರು. ಆಮೇಲೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಪತ್ರ ಸಿದ್ಧ ಮಾಡಿದರು. ಬೇಕಾದ ಪ್ರತಿಗಳು: ಎರಡು. ಒಂದು ನ್ಯಾಯಾಲಯಕ್ಕೆ, ಒಂದು ಆರೋಪಿಗೆ. ದೂರುದಾರರು ತಮಗೆ ಪ್ರತಿ ಬೇಡ ಎಂದಿದ್ದರು.