ನಟಿಯ ಬಾಯಲ್ಲಿ ಅವಳ ಮಾತು

"ಕೀರ್ತನ್ ಅಂದ್ರೆ ನೀವೇನಾ?"

ದುಬೈ ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ಅವನಿಕಾ ಕಪ್ಪು ಕನ್ನಡಕವನ್ನು ತಲೆಯ ಮೇಲೇರಿಸಿ, ಎದುರಿಗಿದ್ದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಧಾರಾವಾಹಿಯಲ್ಲಿ ದಿನವೂ ಕಣ್ಣೀರಿಡುವ ಸೊಸೆ ಇವಳೇ. ಈಗ ಮಾತ್ರ ಆ ಕಣ್ಣುಗಳಲ್ಲಿ ನಗು ತುಂಬಿತ್ತು.

"ಹೌದು ಮೇಡಂ," ಎಂದ ಕೀರ್ತನ್. ಅವನ ಕಿವಿ ಕೆಂಪಾಗಿತ್ತು.

"ನಿಮ್ಮನ್ನ ನೋಡ್ಬೇಕು ಅಂತಲೇ ಬಂದೆ ಕಣ್ರೀ."

ಪಕ್ಕದಲ್ಲೇ ಹೂಗುಚ್ಛ ಹಿಡಿದು ಅಶ್ಮಿತಾ ಎಂಬ ಒಂದು ಜೀವ ನಿಂತಿದೆ ಎನ್ನುವುದು ಇಬ್ಬರಿಗೂ ಮರೆತಂತಿತ್ತು. ಅವಳೇ ಮುಂದೆ ಬಂದು ಹೂ ಕೊಟ್ಟಳು. ಅವನಿಕಾ ಅದನ್ನು ಮೂಸಿ ನೋಡಿ ಕೀರ್ತನ್ ಕೈಗೆ ದಾಟಿಸಿದಳು, ತನ್ನ ಟ್ರಾಲಿಯನ್ನು ಅಶ್ಮಿತಾಳ ಕಡೆ ತಳ್ಳಿದಳು. ಬೇಕೆಂದು ಮಾಡಿದ್ದೇನಲ್ಲ. ಆದರೆ ಹೊಟ್ಟೆ ಉರಿಯುತ್ತಿರುವವರಿಗೆ ಅಷ್ಟು ವಿವೇಚನೆ ಎಲ್ಲಿರುತ್ತದೆ?

'ಹೂ ಹಿಡಿಯಲಿಕ್ಕೆ ಅವನು, ಪೆಟ್ಟಿಗೆ ತಳ್ಳಲಿಕ್ಕೆ ನಾನು...'

ಸಂಕಟ ಅದೊಂದೇ ಆಗಿದ್ದರೆ ಸಹಿಸಬಹುದಿತ್ತು. ಈ ನಟಿ ಕೀರ್ತನ್‌ನನ್ನು ನೋಡಲೆಂದೇ ಬರುವ ಹಾಗೆ ಮಾಡಿದ್ದು ಸ್ವತಃ ಅಶ್ಮಿತಾ!

ಆದದ್ದು ಹೀಗೆ. ಶಾಂಭವಿ ಬಳಗ ಎಂದರೆ ಮೂಲ್ಕಿಯ ಶಾಂಭವಿ ಹೊಳೆಯ ಆಚೀಚೆ ದಡದಿಂದ ಬಂದು ಇಲ್ಲಿ ದುಡಿಯುತ್ತಿರುವ ನಲವತ್ತು ಕುಟುಂಬಗಳ ಸಣ್ಣ ಕೂಟ. ಈ ಸಲ ಹತ್ತನೇ ವರ್ಷದ ಸಂಭ್ರಮ. ಅಧ್ಯಕ್ಷ ಅಬ್ಬಾಸಣ್ಣನದು ಒಂದೇ ಹಟ.

"ಒಬ್ರು ಸೆಲೆಬ್ರಿಟಿ ಬೇಕೇ ಬೇಕು. ಇಲ್ಲದಿದ್ರೆ ನನ್ನ ಹೆಂಡತಿ ಹಸೀನಾನೇ ಬರುದಿಲ್ಲ, ಮತ್ತೆ ಊರಿನವರನ್ನು ಕೇಳುದೇ ಬೇಡ."

ಸಿನಿಮಾದವರು ಯಾರೂ ಸಿಗಲಿಲ್ಲ. ಕೊನೆಗೆ ಅವನಿಕಾಳ ಮ್ಯಾನೇಜರ್ ಒಪ್ಪಿದ. ಹೋಟೆಲು ಬೇಡ, ಮಿರ್ದಿಫ್‌ನಲ್ಲಿರುವ ಅಬ್ಬಾಸಣ್ಣನ ಮನೆಯಲ್ಲೇ ಉಳಿಯುತ್ತಾರೆ ಎಂದೂ ಹೇಳಿದ. ಅದಕ್ಕೆ ಮೊದಲು ಒಂದು ವಿಡಿಯೊ ಬೈಟ್: 'ನಾನು ಬರ್ತಿದೀನಿ, ನೀವೂ ಬನ್ನಿ' ಎಂದು ನಟಿ ಕ್ಯಾಮೆರಾದ ಮುಂದೆ ಹೇಳುವುದು. ಏನು ಹೇಳಬೇಕೋ ಬರೆದು ಕಳಿಸಿ ಎಂದಿದ್ದ.

ಬಳಗದ ಕಾರ್ಯದರ್ಶಿ ಕೀರ್ತನ್ ಆ ಕೆಲಸವನ್ನು ಅಶ್ಮಿತಾಳಿಗೆ ಒಪ್ಪಿಸಿದ.

"ನಿಮಗೆ ಬರೀಲಿಕ್ಕೆ ಬರ್ತದೆ. ಬರೆದು ಮ್ಯಾನೇಜರಿಗೇ ಕಳಿಸಿಬಿಡಿ. ನಾನು ಹಾಲ್‌ನ ಪರ್ಮಿಟ್ ಹಿಂದೆ ಓಡ್ತಾ ಇದ್ದೇನೆ."

ಜುಮೇರಾ ಲೇಕ್ ಟವರ್ಸ್‌ನ ತನ್ನ ಕಚೇರಿಯಲ್ಲಿ, ಊಟದ ಹೊತ್ತಿನಲ್ಲಿ ಅಶ್ಮಿತಾ ಬರೆಯಲು ಕೂತಳು. ದಿನ, ಜಾಗ, ಸಮಯ ಎಲ್ಲ ಆಯಿತು. ಆಮೇಲೆ ಯಾವ ಗಾಳಿ ಹೊಕ್ಕಿತೋ, ಬೆರಳುಗಳು ನಿಲ್ಲಲಿಲ್ಲ.

"ಕೀರ್ತನ್ ಕರೆದರೆ ಇಲ್ಲ ಅನ್ನಲಿಕ್ಕೆ ಬಾಯಿ ಬರುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಮನುಷ್ಯ. ಒಟ್ರಾಶಿ, ಅವರು ಇದ್ದಲ್ಲಿ ನನಗೂ ಇರಬೇಕು ಅನಿಸ್ತದೆ."

ಬರೆದು ತಾನೇ ನಾಚಿದಳು. ಅಳಿಸಬೇಕು ಎನ್ನುವಷ್ಟರಲ್ಲಿ ಮೇಲಧಿಕಾರಿ ಕರೆದ. ಆ ಗಡಿಬಿಡಿಯಲ್ಲಿ ಇದ್ದದ್ದು ಇದ್ದ ಹಾಗೆ ಹೋಯಿತು. ಸಂಜೆ ನೆನಪಾಗುವ ಹೊತ್ತಿಗೆ ವಿಡಿಯೊ ಬಳಗದ ವಾಟ್ಸಾಪ್‌ನಲ್ಲಿ ಬಂದು ಕೂತಿತ್ತು.

ಅವನಿಕಾ ಎದೆಯ ಮೇಲೆ ಕೈಯಿಟ್ಟು, ಒಂದಕ್ಷರ ಬಿಡದೆ ಓದಿದ್ದಳು. ಒಟ್ಟಿನಲ್ಲಿ ಎನ್ನಲು ಕರಾವಳಿಯವರು ಬಳಸುವ 'ಒಟ್ರಾಶಿ' ಬೆಂಗಳೂರಿನವಳ ನಾಲಿಗೆಗೆ ದಕ್ಕದೆ 'ಒಟ್ಟು ರಾಶಿ' ಆಗಿತ್ತು. ಆದರೆ ಕೊನೆಯ ಮಾತಿಗೆ ಕಣ್ಣು ತುಂಬಿಕೊಂಡ ಚೆಂದಕ್ಕೆ ಇಡೀ ಬಳಗ ಮರುಳಾಯಿತು.

"ಕೀರ್ತನಾ, ಸದ್ದಿಲ್ಲದೆ ಎಂಥ ಮಾಡಿದ್ದು ಮಾರಾಯ?" ಎಂದು ಅಬ್ಬಾಸಣ್ಣ ಧ್ವನಿ ಸಂದೇಶ ಹಾಕಿದ.

"ಮ್ಯಾನೇಜರ್ ಸೇರಿಸಿದ್ದಿರಬೇಕು," ಎಂದಷ್ಟೇ ಕೀರ್ತನ್ ಉತ್ತರಿಸಿದ. ಆದರೆ ಮುಂದಿನ ಸಭೆಯಲ್ಲಿ ಅವನು ಮೂಲೆಯಲ್ಲಿ ನಿಂತು ಮೊಬೈಲನ್ನು ಕಿವಿಗೆ ಹಿಡಿದು ಅದನ್ನೇ ಕೇಳುತ್ತಿದ್ದ. ಒಮ್ಮೆಯಲ್ಲ, ಮೂರು ಸಲ. ಅಶ್ಮಿತಾ ಎಣಿಸಿದ್ದಳು.

ತಾನು ಬರೆದ ಮಾತು. ತನ್ನ ಮನಸ್ಸಿನ ಮಾತು. ಅವನು ನಗುತ್ತಿದ್ದದ್ದು ಮಾತ್ರ ಇನ್ನೊಬ್ಬಳಿಗಾಗಿ...

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳುವುದು ಹೇಗೆ? ಎರಡು ವರ್ಷದಿಂದ ಬಚ್ಚಿಟ್ಟದ್ದೆಲ್ಲ ಒಂದೇ ಮಾತಿಗೆ ಬಯಲಾಗುತ್ತದೆ. ಅವನು ಪಾಪ ಎನ್ನುವ ಹಾಗೆ ನೋಡಿಬಿಟ್ಟರೆ ಮುಖವೆಲ್ಲಿಡುವುದು? ಹಾಗೆಂದು ಮುಂದೆ ಹಾಕಲು ದಿನಗಳೂ ಇರಲಿಲ್ಲ. ನಟಿ ಬಂದ ಮರುದಿನ ಕಾರ್ಯಕ್ರಮ, ಅದರ ಮರುದಿನವೇ ಕೀರ್ತನ್‌ಗೆ ಅಬುಧಾಬಿಗೆ ವರ್ಗ. ಇನ್ನು ವಾರದ ಸಭೆಯಿಲ್ಲ, ಸಭೆ ಮುಗಿಸಿ ಅವನ ಕಾರಿನಲ್ಲಿ ಮನೆಗೆ ಬರುವುದೂ ಇಲ್ಲ. ಈ ಎರಡು ದಿನದಲ್ಲಿ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಅಂಥ ಎರಡು ದಿನಗಳಲ್ಲಿ ಒಂದನ್ನು ಅವಳು ಕೈಯಾರೆ ಹಾಳು ಮಾಡಿಕೊಂಡಳು.

"ಮೇಡಂ ಅಬುಧಾಬಿ ನೋಡ್ಬೇಕಂತೆ," ಎಂದ ಕೀರ್ತನ್, ವಿಮಾನ ನಿಲ್ದಾಣದಿಂದ ಮಿರ್ದಿಫ್ ತಲುಪಿದ ಮೇಲೆ. "ನನಗೂ ಹೊಸ ಫ್ಲ್ಯಾಟಿನ ಕೀ ತರಲಿಕ್ಕುಂಟು. ಹಸೀನಕ್ಕನೂ ಬರ್ತಾರೆ. ನೀವೂ ಬನ್ನಿ."

"ನನಗೆ ಕೆಲಸ ಉಂಟು."

ಯಾವ ಕೆಲಸವೂ ಇರಲಿಲ್ಲ. ಮಧ್ಯಾಹ್ನವಿಡೀ ಅವನಿಕಾಳ ಸ್ಟೇಟಸ್ ನೋಡುತ್ತ ಕೂತಳು. ಸಮುದ್ರದ ಬದಿಯ ಗಾಳಿಯಲ್ಲಿ ಕೂದಲು ಹಾರಿಸಿಕೊಂಡ ಅವನಿಕಾ, ಅವಳ ಪಕ್ಕದಲ್ಲಿ ಕೀರ್ತನ್. ನಡುವೆ ಹಸೀನಕ್ಕ ದೊಡ್ಡದಾಗಿಯೇ ನಿಂತಿದ್ದಳು, ಆದರೆ ಅಶ್ಮಿತಾಳ ಕಣ್ಣಿಗೆ ಬೀಳಲಿಲ್ಲ. ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ಅವನ ನಗುವನ್ನೇ ನೋಡಿದಳು.

'ನನ್ನ ಜೊತೆ ಇರುವಾಗ ಇಷ್ಟು ಹಲ್ಲು ಕಂಡದ್ದುಂಟಾ?'

ಮೊಬೈಲನ್ನು ದಿಂಬಿನ ಕೆಳಗೆ ತುರುಕಿದಳು. ಐದು ನಿಮಿಷಕ್ಕೆ ಮತ್ತೆ ತೆಗೆದಳು.

ಶನಿವಾರ ಬೆಳಗ್ಗೆ ಮುಹೈಸ್ನಾದ ಶಾಲೆಯ ಸಭಾಂಗಣದಲ್ಲಿ ಅಶ್ಮಿತಾ ಮುಂದಿನ ಸಾಲಿನ ಕುರ್ಚಿಗಳಿಗೆ ಹೆಸರಿನ ಚೀಟಿ ಬರೆಯುತ್ತಿದ್ದಳು. ಕೀರ್ತನ್ ಎರಡು ಕಪ್ ಚಾ ಹಿಡಿದು ಬಂದು, ಒಂದನ್ನು ಅವಳ ಮುಂದಿಟ್ಟ.

"ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು."

"ಹೇಳಿ."

"ಆ ಬೈಟ್‌ನ ಮಾತಿಗೆ ನಾನು ಉತ್ತರ ಕೊಡ್ಬೇಕು. ಇವತ್ತೇ. ನಾಳೆ ಹೋದ ಮೇಲೆ ಆಗುದಿಲ್ಲ. ನನಗೆ ಬರೀಲಿಕ್ಕೆ ಬರುದಿಲ್ಲ, ನೀವು ನಾಲ್ಕು ಸಾಲು ಬರೆದು ಕೊಡ್ತೀರಾ?"

ಅಶ್ಮಿತಾಳ ಪೆನ್ನು ಅರ್ಧ ಹೆಸರಿಗೆ ನಿಂತಿತು.

"ಏನಂತ ಬರೀಬೇಕು?"

"ಆ ಮಾತು ಹೇಳಿದವರು ನನಗೂ ಇಷ್ಟ ಅಂತ."

ಹೊಸ ಚೀಟಿ ತೆಗೆದುಕೊಂಡಳು. 'ಪ್ರೀತಿಯ' ಎಂದು ಬರೆದಳು. ಮುಂದಿನ ಹೆಸರು ಬರೆಯಲು ಕೈ ಏಳಲಿಲ್ಲ.

"ನಾನು ಬರೆಯುದಿಲ್ಲ."

"ಯಾಕೆ?"

"ಒಮ್ಮೆ ಬರೆದು ಅನುಭವಿಸಿದ್ದು ಸಾಕು." ಅಲ್ಲಿಗೇ ನಿಲ್ಲಿಸಲಿಲ್ಲ. "ಆ ಮಾತು ಅವರದ್ದಲ್ಲ ಕೀರ್ತನ್, ನನ್ನದು. ಅವರು ಓದಿದ್ದು ಅಷ್ಟೇ. ಅಳಿಸ್ಬೇಕಿತ್ತು, ಅಳಿಸ್ಲಿಲ್ಲ. ನೀವು ಅವರಿಗಾಗಿ ನಗುದು ನೋಡಿ ನೋಡಿ ನನಗೆ ಊಟ ಸೇರುದಿಲ್ಲ. ಖಲಾಸ್, ಹೇಳಿ ಆಯ್ತು. ಇನ್ನು ನೀವು ಬೇಕಾದ್ರೆ ನಗಿ."

ಅವನು ನಗಲಿಲ್ಲ. ಪಕ್ಕದ ಕುರ್ಚಿ ಎಳೆದು ಕೂತ.

"ನಿನ್ನೆ ಕಾರಲ್ಲಿ ಅವನಿಕಾ ಮೊಬೈಲಿನಲ್ಲಿ ಆ ಸಾಲು ತೋರಿಸಿ ಕೇಳಿದ್ರು. 'ಒಟ್ರಾಶಿ ಅಂದ್ರೆ ಏನ್ರೀ, ನನಗೆ ನಾಲ್ಕು ಟೇಕ್ ಆಯ್ತು' ಅಂತ. ಬರೆದದ್ದು ನಾನೇ ಅಂತ ಅಂದ್ಕೊಂಡಿದ್ರು. ತನ್ನನ್ನ ತಾನೇ ಇಷ್ಟು ಹೊಗಳಿಕೊಳ್ಳುವವ ಹೇಗಿರ್ತಾನೆ ನೋಡುವ ಅಂತಲೇ ಬಂದದ್ದಂತೆ. ಹಸೀನಕ್ಕ ಹೊಟ್ಟೆ ಹಿಡಿದುಕೊಂಡು ನಗಾಡಿದ್ರು."

ಅಶ್ಮಿತಾ ಚೀಟಿಯಲ್ಲಿ ಬರೆದ 'ಪ್ರೀತಿಯ' ಎಂಬುದನ್ನು ಹೊಡೆದುಹಾಕಿದಳು.

"ಬೆಂಗಳೂರಿನ ಮ್ಯಾನೇಜರಿಗೆ ಆ ಶಬ್ದ ಎಲ್ಲಿಂದ ಬರ್ಬೇಕು? ಮಾತಿಗೊಮ್ಮೆ ಒಟ್ರಾಶಿ ಅನ್ನುವವರು ನಮ್ಮ ಬಳಗದಲ್ಲಿ ನೀವೊಬ್ರೇ."

"ಗೊತ್ತಿದ್ದೂ ನನ್ನ ಕೈಯಲ್ಲೇ ಬರೆಸ್ಲಿಕ್ಕೆ ಹೊರಟಿರಾ?"

"ಕುಶಾಲಿಗೆ ಬರೆದದ್ದೋ, ನಿಜವೋ ಗೊತ್ತಾಗ್ಬೇಕಿತ್ತು. ಕೇಳ್ಲಿಕ್ಕೆ ನನಗೂ ಹೆದರಿಕೆ."

"ಮತ್ತೆ ಮೂರು ಮೂರು ಸಲ ಆ ವಿಡಿಯೊ ನೋಡಿದ್ದು?"

"ನೋಡಿದ್ದಲ್ಲ, ಕೇಳಿದ್ದು. ಯಾಕೋ ಅದು ನೀವು ಮಾತಾಡಿದ ಹಾಗೇ ಇತ್ತು. ಯಾಕೆ ಅಂತ ನಿನ್ನೆವರೆಗೆ ತಿಳೀಲಿಲ್ಲ."

ಅಶ್ಮಿತಾಳ ಕಣ್ಣು ಮಂಜಾಯಿತು. ಚಾ ಆರುತ್ತಿತ್ತು, ಇಬ್ಬರೂ ಮುಟ್ಟಲಿಲ್ಲ.

ಬಳಗದಲ್ಲಿ ಬ್ಯಾರಿ, ಕೊಂಕಣಿ, ತುಳು ಎಲ್ಲ ಮನೆಮಾತಿನವರೂ ಇದ್ದುದರಿಂದ ಅಲ್ಲಿಯ ಮಾತು ಕನ್ನಡ. ಇವರಿಬ್ಬರ ಮನೆಮಾತು ತುಳುವಾದರೂ ಎರಡು ವರ್ಷದಿಂದ ಆ ಮರ್ಯಾದೆಯ ಕನ್ನಡವನ್ನು, ಅದರ 'ನೀವು' ಎಂಬುದನ್ನು ದಾಟಿರಲಿಲ್ಲ. ಈಗ ಕೀರ್ತನ್ ಅವಳ ಕೈಯಿಂದ ಮೆಲ್ಲನೆ ಪೆನ್ನು ತೆಗೆದಿಟ್ಟ.

"ಎಂಕ್ ಈ ಬೋಡು, ಅಶ್ಮಿತಾ."

ನನಗೆ ನೀನು ಬೇಕು. ಅಮ್ಮ ಮಾತಾಡುವ ಭಾಷೆಯಲ್ಲಿ ಅದನ್ನು ಕೇಳಿದ ಮೇಲೆ ಅಶ್ಮಿತಾಳಿಗೆ ಅಳು ತಡೆಯಲಾಗಲಿಲ್ಲ.

"ಎಂಕ್‌ಲಾ," ಎಂದಳು. ನನಗೂ.

ಆಮೇಲಿನದೆಲ್ಲ ತುಳುವಿನಲ್ಲೇ ನಡೆಯಿತು. ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.

"ಅಬುಧಾಬಿ ದೂರ ಆಯ್ತಲ್ಲ," ಎಂದಳು ಕೆನ್ನೆ ಒರೆಸಿಕೊಳ್ಳುತ್ತ.

"ಒಂದೂವರೆ ಗಂಟೆಯ ದಾರಿ. ಶನಿವಾರ ಶನಿವಾರ ಬರ್ತೇನೆ."

"ಆದಿತ್ಯವಾರ?"

"ಆದಿತ್ಯವಾರವೂ."

ಅವಳು ಮುಂದಿನ ಸಾಲಿನ ಹೆಸರಿನ ಚೀಟಿಗಳ ಕಡೆ ನೋಡಿದಳು.

"ಇವತ್ತು ವೇದಿಕೆಯಲ್ಲಿ ಅವನಿಕಾಗೆ ಶಾಲು ಹೊದೆಸುವುದು ಯಾರು?"

"ಕಾರ್ಯದರ್ಶಿ. ನಾನೇ."

"ಅಬ್ಬಾಸಣ್ಣ ಹೊದೆಸಲಿ."

ಕೀರ್ತನ್‌ಗೆ ಆಗ ನಗು ಬಂತು. ಫೋಟೊದಲ್ಲಿ ಕಂಡದ್ದಕ್ಕಿಂತ ಎರಡು ಹಲ್ಲು ಹೆಚ್ಚೇ ಕಂಡವು.

"ಆಯ್ತು," ಎಂದ. "ನಾನು ನಿನ್ನ ಪಕ್ಕ ಕೂತುಕೊಳ್ತೇನೆ."