ಹ್ಯಾನಾಳ ಕಲ್ಲಿನ ಮೇಲೆ ಎಣ್ಣೆ

ಐರ್ಲೆಂಡಿನ ಡನ್ ಲಿಯರಿ ಊರಿನ ಕಾಲುದಾರಿಯಲ್ಲಿ ವೃದ್ಧೆ ಮಿರಿಯಮ್ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಅವರ ಪಕ್ಕದಲ್ಲೇ ನೆಲಕ್ಕೆ ಸಮನಾಗಿ ಹುಗಿದ, ಅಂಗೈಯಗಲದ ಹಿತ್ತಾಳೆ ಮುಖದ ನೆನಪಿನ ಕಲ್ಲು. ಅದರ ಮೇಲೆ ಅವರ ದೊಡ್ಡಮ್ಮ ಹ್ಯಾನಾಳ ಹೆಸರು. ಕಲ್ಲಿನ ಪಕ್ಕದ ಮನೆಯಿಂದ ಮದುವೆಯಾಗಿ ಹೊರದೇಶಕ್ಕೆ ಹೋಗಿ, ಯಹೂದಿ ಎಂಬ ಕಾರಣಕ್ಕೆ ನಾಜಿ ಶಿಬಿರದಲ್ಲಿ ಸತ್ತವಳು.

ಕಲ್ಲಿನ ತುಂಬ ಎಣ್ಣೆ.

ನೆರೆಯವರು ಎದುರಿನ ಕರಿದ ಮೀನು-ಚಿಪ್ಸ್ ಅಂಗಡಿಯ ಡೆಕ್ಲನ್‌ನತ್ತ ಬೆರಳು ತೋರಿಸಿದರು. ಕಲ್ಲು ಕೂರಿಸುವಾಗ ಜಗಳ ತೆಗೆದಿದ್ದವನು ಅವನೇ.

"ನಂದಾಗಿದ್ರೆ ಮೀನಿನ ವಾಸನೆ ಹೊಡೀತಿತ್ತು, ಆಫೀಸರ್," ಎಂದ ಡೆಕ್ಲನ್.

ಪೊಲೀಸ್ ಅಧಿಕಾರಿ ಅಪರ್ಣಾ ಬಗ್ಗಿ ಮೂಸಿದಳು. ಮೀನಿನ ವಾಸನೆಯಿರಲಿಲ್ಲ. ಅವಳಿಗೆ ಚೆನ್ನಾಗಿ ಗೊತ್ತಿರುವ ವಾಸನೆ. ಎಳ್ಳೆಣ್ಣೆ.

ಚರಂಡಿಯಲ್ಲಿ ಅರ್ಧ ಕಿತ್ತಳೆ ಸಿಪ್ಪೆ, ಅಂಚು ಸುಟ್ಟಿತ್ತು. ಕಲ್ಲಿನ ಸಂದಿಯಲ್ಲಿ ಸುಟ್ಟ ಬ್ಯಾಂಡೇಜ್ ಬಟ್ಟೆಯ ಚೂರು. ಅದರೊಳಗೆ ಒಂದು ನೀಲಿ ನೂಲು.

* * *

ಮರುದಿನ ಆಸ್ಪತ್ರೆಯಲ್ಲಿ ಮಿರಿಯಮ್ ಹೇಳಿದ್ದು ಒಂದೇ ಮಾತು. "ಆ ಕಲ್ಲು ಕಿತ್ಬಿಡಿ. ಸತ್ತ ಮೇಲೂ ಅವಳನ್ನ ಬಿಡ್ತಿಲ್ಲ."

ಆಪರೇಷನ್ ಮಾಡಿದ್ದ ಡಾಕ್ಟರ್ ಮಧುಸೂದನ ಕಿಟಕಿಯತ್ತ ತಿರುಗಿದರು. ಅಪರ್ಣಾ ಅವರನ್ನು ಹೊರಗೆ ಕರೆದು ನೂಲು ತೋರಿಸಿದಳು.

"ಇದು ಎಲ್ಲಿ ಸಿಗತ್ತೆ, ಡಾಕ್ಟ್ರೇ?"

"ಆಪರೇಷನ್ ಥಿಯೇಟರಲ್ಲಿ. ಬಟ್ಟೆ ಮೈಯೊಳಗೆ ಉಳಿದ್ರೆ ಎಕ್ಸ್‌-ರೇಲಿ ಕಾಣ್ಲಿ ಅಂತ ಈ ನೂಲು ಹಾಕಿರ್ತಾರೆ."

"ಸಿಪ್ಪೆ ಹಣತೆ. ಬಟ್ಟೆ ಬತ್ತಿ. ನಿನ್ನೆ ಮಹಾಲಯ ಅಮಾವಾಸ್ಯೆ. ನಮ್ಮೋರು ಸತ್ತವರನ್ನ ನೆನೆಯೋ ದಿನ. ಥಿಯೇಟರಲ್ಲಿ ಕೆಲಸ ಮಾಡೋ, ಆ ರಸ್ತೇಲೇ ಟ್ರೇನಿಗೆ ಹೋಗೋ ಕನ್ನಡದೋರು ನೀವೊಬ್ರೇ."

ಅವರು ಗೋಡೆಗೆ ಒರಗಿದರು. "ದಿನಾ ಆ ಹೆಸರು ತುಳ್ಕೊಂಡೇ ಹೋಗ್ತಿದ್ದೆ. ಮೊನ್ನೆ ಬಗ್ಗಿ ಓದ್ದೆ. ಯಾರೂ ಇಲ್ಲದೋರಿಗೂ ಮಹಾಲಯದಲ್ಲಿ ಎಳ್ಳು ಬಿಡ್ತೀವಲ್ಲ, ಅದಕ್ಕೆ ಬೆಳಿಗ್ಗೆ ದೀಪ ಇಟ್ಟೆ. ಟ್ರೇನ್ ಬಂತು, ಹೊರಟ್ಬಿಟ್ಟೆ. ಗಾಳಿಗೆ ಮಗುಚಿರ್ಬೇಕು."

"ಯಾವಾಗ ಗೊತ್ತಾಯ್ತು?"

"ಅವರನ್ನ ಕರ್ಕೊಂಡು ಬಂದಾಗ. ಅವರ ಕೋಟಿನಿಂದ ಎಳ್ಳೆಣ್ಣೆ ವಾಸನೆ ಬಂತು."

"ಅಲ್ಲಿ ಡೆಕ್ಲನ್‌ಗೆ ಎಲ್ರೂ ಉಗೀತಿದಾರೆ."

"ಕೆಲಸ ಹೋಗತ್ತೆ ಅಂತ ಹೆದರಿದೆ," ಎಂದರು ಅವರು. "ಒಳಗೆ ಹೋಗೋಣ. ನಾನೇ ಹೇಳ್ತೀನಿ."

* * *

ಮಿರಿಯಮ್ ಪೂರ್ತಿ ಕೇಳಿಸಿಕೊಂಡರು.

"ಅವರಿಗೆ ಯಾರೂ ಇಲ್ಲ ಅಂದ್ಕೊಂಡೆ," ಎಂದರು ಮಧುಸೂದನ.

"ನಾನಿದ್ದೆ. ವಾರವಾರ ಅದನ್ನ ಉಜ್ಜಿ ಹೊಳೆಯಿಸೋಳು ನಾನೇ. ಇರ್ಲಿ. ನನ್ನ ಮೂಳೆಗೆ ಮೊಳೆ ಹೊಡೆಯುವಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಮಿರಿಯಮ್ ಅಪರ್ಣಾಳ ಕಡೆ ತಿರುಗಿದರು.

"ಕಲ್ಲು ಅಲ್ಲೇ ಇರ್ಲಿ. ಡೆಕ್ಲನ್‌ಗೂ ನಿಜ ತಿಳಿಸಿ." ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡರು. "ಮತ್ತೆ, ನನಗೆ ಬೇರೆ ಡಾಕ್ಟರ್ ಬೇಕು."